ನಿಧಾನದ ಆಟ: ಹೊಣೆ ಯಾರದು?

2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟೋರಿ ಪೈನ್ಸ್ ಕೋರ್ಸಿನಲ್ಲಿ ಫಾರ್ಮರ್ಸ್ ಇನ್ಶೂರೆನ್ಸ್ ಓಪನ್ ನಡೆಯಿತು. ಕೊನೆಯ ದಿನ ಮುಂಚೂಣಿಯಲ್ಲಿದ್ದ ಮೂವರ ಗುಂಪಿಗೆ ಹದಿನೆಂಟು ಹೋಲ್ ಮುಗಿಸಲು ಸುಮಾರು ಐದೂವರೆ ಗಂಟೆ ಹಿಡಿಯಿತು. ಮೊದಲ ಒಂಬತ್ತು ಹೋಲ್ ಮುಗಿಯುವಷ್ಟರಲ್ಲೇ ಮೂರು ಗಂಟೆ ಸಮೀಪಿಸಿತ್ತು. ಟಿವಿಯಲ್ಲಿ ವಿವರಣೆ ಕೊಡುತ್ತಿದ್ದ ಡಾಟಿ ಪೆಪ್ಪರ್ ಸ್ವತಃ ಎರಡು ಮೇಜರ್ ಗೆದ್ದ ಆಟಗಾರ್ತಿ. ಇದನ್ನು ವೇಗದ ಪ್ರಶ್ನೆ ಎನ್ನುವುದಕ್ಕಿಂತ ಗೌರವದ ಪ್ರಶ್ನೆ ಎನ್ನಬೇಕು, ಜೊತೆಯಲ್ಲಿ ಆಡುವವರಿಗೂ ನೋಡುವವರಿಗೂ ತೋರಬೇಕಾದ ಗೌರವ ಇದು ಎಂದು ಅವರು ನೇರ ಪ್ರಸಾರದಲ್ಲೇ ಹೇಳಿದರು. ವೃತ್ತಿಪರ ಗಾಲ್ಫ್ ಲೋಕ ತಿಂಗಳುಗಟ್ಟಲೆ ಅದನ್ನೇ ಚರ್ಚಿಸಿತು.

ಚರ್ಚೆ ಮಾತ್ರ ಬಹಳ ಹಳೆಯದು. 1924ರ ಯು.ಎಸ್. ಓಪನ್‌ನಲ್ಲಿ ಬಾಬಿ ಜೋನ್ಸ್ ಅವರನ್ನು ಹಿಂದಿಕ್ಕಿ ಗೆದ್ದ ಸಿರಿಲ್ ವಾಕರ್ ಎಂಬ ಆಟಗಾರ ಎಷ್ಟು ನಿಧಾನವಾಗಿ ಆಡುತ್ತಿದ್ದರೆಂದರೆ, ಮುಂದೆ ಲಾಸ್ ಏಂಜಲೀಸ್ ಓಪನ್‌ನಲ್ಲಿ ಅವರನ್ನು ಅನರ್ಹಗೊಳಿಸಬೇಕಾಯಿತು. ಅವರು ಕೋರ್ಸ್ ಬಿಟ್ಟು ಹೋಗಲು ಒಪ್ಪದಿದ್ದಾಗ ಪೊಲೀಸರೇ ಹೊರಗೆ ಕರೆದೊಯ್ದರು. 1962ರಲ್ಲಿ, ವೃತ್ತಿಪರನಾದ ಮೊದಲ ವರ್ಷವೇ, ಜ್ಯಾಕ್ ನಿಕ್ಲಾಸ್ ಪೋರ್ಟ್‌ಲ್ಯಾಂಡ್ ಓಪನ್‌ನಲ್ಲಿ ನಿಧಾನದ ಆಟಕ್ಕಾಗಿ ಎರಡು ಸ್ಟ್ರೋಕ್ ದಂಡ ತೆತ್ತರು. ಆದರೂ ಆ ಪಂದ್ಯಾವಳಿಯನ್ನು ಗೆದ್ದರು. ಹೀಗೆ ಪ್ರತಿ ತಲೆಮಾರಿಗೂ ಅದರದೇ ನಿಧಾನಿಗಳು ಸಿಕ್ಕಿದ್ದಾರೆ. ಪ್ರತಿ ಸಲವೂ ಬೈಗುಳ ಆ ಒಬ್ಬ ಆಟಗಾರನ ತಲೆಗೇ ಬಿದ್ದಿದೆ. ನನ್ನ ಅಭಿಪ್ರಾಯದಲ್ಲಿ ಅಲ್ಲೇ ನಾವು ಎಡವುತ್ತಿದ್ದೇವೆ. ಆಟಗಾರನ ಪಾಲು ಇದೆ, ಅದನ್ನು ಮೊದಲು ನೋಡೋಣ. ಆದರೆ ಕೋರ್ಸ್ ನಡೆಸುವವರ, ಪಂದ್ಯ ನಡೆಸುವವರ ಪಾಲು ಅದಕ್ಕಿಂತ ದೊಡ್ಡದು.

ಮೊದಲು ಒಂದು ಲೆಕ್ಕ. ಒಂದು ಫೋರ್‌ಬಾಲ್‌ನಲ್ಲಿ ನಾಲ್ವರು, ಒಬ್ಬೊಬ್ಬರಿಗೂ 90 ಹೊಡೆತ ಎಂದು ಇಟ್ಟುಕೊಂಡರೆ ಒಟ್ಟು 360 ಹೊಡೆತ. ಪ್ರತಿ ಹೊಡೆತಕ್ಕೂ ಬೇಕಾದ್ದಕ್ಕಿಂತ ಹತ್ತೇ ಸೆಕೆಂಡು ಹೆಚ್ಚು ತೆಗೆದುಕೊಂಡರೆ 3600 ಸೆಕೆಂಡು, ಅಂದರೆ ಪೂರ್ತಿ ಒಂದು ಗಂಟೆ. ಯಾರೂ ಅತಿರೇಕ ಮಾಡಿರುವುದಿಲ್ಲ. ಒಬ್ಬರು ಗ್ಲೌಸ್ ಹಾಕಿಕೊಳ್ಳಲು ತಮ್ಮ ಸರದಿ ಬರುವವರೆಗೆ ಕಾದಿರುತ್ತಾರೆ. ಇನ್ನೊಬ್ಬರು ಮೂರು ಸಲ ಅಭ್ಯಾಸದ ಸ್ವಿಂಗ್ ಮಾಡಿರುತ್ತಾರೆ. ಮತ್ತೊಬ್ಬರು ಜೊತೆಗಾರನ ಚೆಂಡಿನ ಹತ್ತಿರ ನಿಂತು ಹರಟೆ ಮುಗಿಸಿ, ಆಮೇಲೆ ತಮ್ಮ ಚೆಂಡಿನ ಕಡೆ ಹೊರಟಿರುತ್ತಾರೆ. ಗ್ರೀನ್ ಮೇಲೆ ನಿಂತೇ ಸ್ಕೋರ್ ಬರೆಯುವುದು, ಬಗ್ಗಿಯನ್ನು ಗ್ರೀನ್‌ನ ಮುಂಭಾಗದಲ್ಲಿ ನಿಲ್ಲಿಸಿ ಮತ್ತೆ ಹಿಂದಕ್ಕೆ ನಡೆಯುವುದು, ಚೆಂಡು ಕಳೆದಿರಬಹುದು ಎಂಬ ಅನುಮಾನವಿದ್ದರೂ ಪ್ರೊವಿಷನಲ್ ಚೆಂಡು ಹೊಡೆಯದೆ ಮುಂದೆ ಹೋಗಿ, ಸಿಗದೆ ಇನ್ನೂರು ಗಜ ವಾಪಸ್ಸು ಬರುವುದು, ಇವೆಲ್ಲ ಸೇರಿ ಆ ಒಂದು ಗಂಟೆ ಆಗುತ್ತದೆ. ಸ್ವಿಂಗ್ ಅವಸರದಲ್ಲಿ ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಸರದಿ ಬಂದಾಗ ಸಿದ್ಧವಾಗಿರಿ ಎಂದಷ್ಟೇ ಕೇಳುತ್ತಿರುವುದು.

ಆಟದ ನಿಯಮಗಳು ಈ ದಿಕ್ಕಿನಲ್ಲಿ ನಿಜಕ್ಕೂ ಬದಲಾಗಿವೆ. 1744ರಲ್ಲಿ ಎಡಿನ್‌ಬರೋ ಬಳಿಯ ಲೀತ್‌ನಲ್ಲಿ ಬರೆದ ಹದಿಮೂರು ನಿಯಮಗಳಲ್ಲಿ ಹನ್ನೆರಡನೆಯದು, ಹೋಲ್‌ನಿಂದ ಅತಿ ದೂರದಲ್ಲಿರುವವನೇ ಮೊದಲು ಆಡಬೇಕು ಎನ್ನುತ್ತದೆ. ಅದು ಮರ್ಯಾದೆಯ ಕ್ರಮ. ಎಲ್ಲರೂ ನಿಂತು, ದೂರದವನು ಆಡುವುದನ್ನು ನೋಡಿ, ನಂತರ ತಮ್ಮ ಸರದಿ. ಇಬ್ಬರು ಎದುರಾಳಿಗಳು ಆಡುವ ಪಂದ್ಯಕ್ಕೆ ಅದು ಸರಿಯಾಗಿ ಹೊಂದುತ್ತದೆ. ಆದರೆ ಹಿಂದೆ ಇಪ್ಪತ್ತು ಗುಂಪುಗಳು ಕಾಯುತ್ತಿರುವ ಭಾನುವಾರದ ಬೆಳಿಗ್ಗೆಗೆ ಹೊಂದುವುದಿಲ್ಲ. 2019ರಲ್ಲಿ ನಿಯಮಗಳನ್ನು ಆಮೂಲಾಗ್ರವಾಗಿ ತಿದ್ದಿ ಬರೆದಾಗ ಆರ್ ಅಂಡ್ ಎ ಮತ್ತು ಯು.ಎಸ್.ಜಿ.ಎ. ಸಂಸ್ಥೆಗಳು, ಸ್ಟ್ರೋಕ್ ಪ್ಲೇನಲ್ಲಿ ಯಾರು ಸಿದ್ಧರಿದ್ದಾರೋ ಅವರು ಸುರಕ್ಷಿತವಾಗಿ ಮೊದಲು ಆಡಲಿ ಎಂದು ಅಧಿಕೃತವಾಗಿ ಪ್ರೋತ್ಸಾಹಿಸಿದವು. ಇದೇ ‘ರೆಡಿ ಗಾಲ್ಫ್’. ಚೆಂಡು ಹುಡುಕುವ ಅವಧಿ ಐದು ನಿಮಿಷದಿಂದ ಮೂರಕ್ಕೆ ಇಳಿಯಿತು. ಪಟ್ ಮಾಡುವಾಗ ಬಾವುಟದ ಕೋಲನ್ನು ತೆಗೆಯಲೇಬೇಕಾಗಿಲ್ಲ ಎಂದಾಯಿತು. ಅಡ್ಡಿಯಿಲ್ಲದೆ ಆಡಲು ಸಾಧ್ಯವಾದ ಕ್ಷಣದಿಂದ ನಲವತ್ತು ಸೆಕೆಂಡಿನೊಳಗೆ ಹೊಡೆಯಬೇಕು, ಸಾಮಾನ್ಯವಾಗಿ ಅದಕ್ಕೂ ಬೇಗ ಆಗಬೇಕು ಎಂಬ ಶಿಫಾರಸು ಬಂತು. ವಿನಾಕಾರಣ ತಡ ಮಾಡಿದರೆ ಮೊದಲ ಸಲ ಒಂದು ಸ್ಟ್ರೋಕ್, ಎರಡನೇ ಸಲ ಎರಡು, ಮೂರನೇ ಸಲ ಅನರ್ಹತೆ. ಪುಸ್ತಕದಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಬರೆಯುವುದು ಕಷ್ಟ.

ಹಾಗಿದ್ದರೆ ಜಗತ್ತಿನ ಅತ್ಯುತ್ತಮ ಆಟಗಾರರೇ ಏಕೆ ಅತಿ ನಿಧಾನ? ಇದಕ್ಕೆ ಅಹಂಕಾರ ಎಂಬ ಒಂದು ಮಾತಿನ ಉತ್ತರ ನನಗೆ ಒಪ್ಪಿಗೆಯಿಲ್ಲ. 2002ರ ಯು.ಎಸ್. ಓಪನ್‌ನಲ್ಲಿ ಸೆರ್ಜಿಯೊ ಗಾರ್ಸಿಯಾ ಕ್ಲಬ್ಬಿನ ಹಿಡಿ ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡುತ್ತಿದ್ದಾಗ ನ್ಯೂಯಾರ್ಕಿನ ಪ್ರೇಕ್ಷಕರು ಜೋರಾಗಿ ಎಣಿಸುತ್ತಿದ್ದರು. 2012ರ ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನಲ್ಲಿ ಮೂರನೇ ದಿನದ ಕೊನೆಗೆ ಮುನ್ನಡೆಯಲ್ಲಿದ್ದ ಕೆವಿನ್ ನಾ ಅವರ ಸ್ಥಿತಿ ಇನ್ನೂ ನೋವಿನದು. ಕ್ಲಬ್ಬನ್ನು ಹಿಂದಕ್ಕೆ ಎತ್ತಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಎತ್ತಿದ ಮೇಲೂ ಹೊಡೆಯದೆ ಚೆಂಡಿನ ಮೇಲಿಂದ ಬೇಕೆಂದೇ ಬೀಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಜನ ಮೂದಲಿಸಿದರು. ತನ್ನ ತೊಂದರೆಯನ್ನು ಅವರು ಮುಚ್ಚಿಡದೆ ಒಪ್ಪಿಕೊಂಡರು, ಕೊನೆಯ ದಿನ ಮುನ್ನಡೆ ಕಳೆದುಕೊಂಡರು. ಅದು ಭಯ, ಸೋಮಾರಿತನವಲ್ಲ. ಅದಕ್ಕೆ ಗೇಲಿ ಮದ್ದಲ್ಲ.

ಆದರೆ ಭಯಕ್ಕಿಂತ ದೊಡ್ಡ ಪಾಲು ರೂಢಿಯದು. ಗ್ರೀನ್‌ಗಳ ಹುಲ್ಲು ವರ್ಷದಿಂದ ವರ್ಷಕ್ಕೆ ಗಿಡ್ಡವಾಗಿ, ಚೆಂಡು ಹೆಚ್ಚು ಜಾರತೊಡಗಿದಂತೆ ಎರಡಡಿಯ ಪಟ್ ಕೂಡ ಅಪಾಯವಾಯಿತು. ಅದಕ್ಕೆ ಗ್ರೀನ್ ಇಳಿಜಾರಿನ ನಕ್ಷೆ ತುಂಬಿದ ಕಿರುಪುಸ್ತಕಗಳು ಬಂದವು. ಪಾದಗಳಿಂದ ಇಳಿಜಾರನ್ನು ಅಳೆದು ಬೆರಳೆತ್ತಿ ಗುರಿ ಹಿಡಿಯುವ ಏಮ್‌ಪಾಯಿಂಟ್ ವಿಧಾನ ಬಂತು. ಅದನ್ನು ನಿಷೇಧಿಸಬೇಕೆಂದು 2025ರ ಆರಂಭದಲ್ಲಿ ಆಟಗಾರ ಲೂಕಸ್ ಗ್ಲೋವರ್ ಅವರೇ ಕೇಳಿದರು. 2019ರ ಆಗಸ್ಟ್‌ನಲ್ಲಿ ಬ್ರೈಸನ್ ಡಿಶಾಂಬೊ ಸುಮಾರು ಎಂಟು ಅಡಿಯ ಒಂದು ಪಟ್‌ಗೆ ಎರಡು ನಿಮಿಷಕ್ಕೂ ಹೆಚ್ಚು ತೆಗೆದುಕೊಂಡ ದೃಶ್ಯ ಲೋಕವೆಲ್ಲ ಹರಿದಾಡಿತು. ಹೀಗೆ ನಿಧಾನವಾಗಿ ಆಡುವವರೆಲ್ಲ ಒಂದು ಸರಳ ಲೆಕ್ಕ ಮಾಡಿದ್ದಾರೆ: ಹೆಚ್ಚು ಹೊತ್ತು ತೆಗೆದುಕೊಂಡರೆ ತಮಗೆ ಲಾಭವಿರಬಹುದು, ನಷ್ಟ ಮಾತ್ರ ಇಲ್ಲ.

ನಷ್ಟ ಏಕಿಲ್ಲ ಎಂಬುದೇ ಇಡೀ ಪ್ರಶ್ನೆಯ ಗಂಟು. ಪಿ.ಜಿ.ಎ. ಟೂರ್ 1995ರಲ್ಲಿ ಗ್ಲೆನ್ ಡೇ ಎಂಬ ಆಟಗಾರನಿಗೆ ಒಂದು ಸ್ಟ್ರೋಕ್ ದಂಡ ಹಾಕಿತು. ಅದರ ಮುಂದಿನ ದಂಡ ಬಿದ್ದದ್ದು 2017ರಲ್ಲಿ, ಜೋಡಿಯಾಟದ ಜ್ಯೂರಿಕ್ ಕ್ಲಾಸಿಕ್‌ನಲ್ಲಿ ಬ್ರಯಾನ್ ಕ್ಯಾಂಪ್‌ಬೆಲ್ ಮತ್ತು ಮಿಗೆಲ್ ಏಂಜಲ್ ಕರ್ಬಾಯೊ ಜೋಡಿಗೆ. ನಡುವಿನ 22 ವರ್ಷ ಆ ಟೂರ್‌ನ ಯಾವ ಆಟಗಾರನೂ ನಿಧಾನಿಯಾಗಿರಲಿಲ್ಲವೇ? ಇದೇ ಅವಧಿಯಲ್ಲಿ, 2013ರ ಮಾಸ್ಟರ್ಸ್‌ನಲ್ಲಿ, ಹದಿನಾಲ್ಕು ವರ್ಷದ ಚೀನೀ ಹವ್ಯಾಸಿ ಗ್ವಾನ್ ಟಿಯಾನ್‌ಲಾಂಗ್‌ಗೆ ಎರಡನೇ ದಿನದ ಹದಿನೇಳನೇ ಹೋಲ್‌ನಲ್ಲಿ ಒಂದು ಸ್ಟ್ರೋಕ್ ದಂಡ ಬಿತ್ತು. ಹುಡುಗ ಅದನ್ನು ಮರುಮಾತಿಲ್ಲದೆ ಸ್ವೀಕರಿಸಿ, ಕಟ್ ದಾಟಿ ವಾರಾಂತ್ಯವೂ ಆಡಿದ. ನಿಯಮದ ಪ್ರಕಾರ ಆ ದಂಡ ಸರಿಯೇ ಇತ್ತು. ಆದರೆ ಅನುಭವಿ ವೃತ್ತಿಪರರಿಗೆ ಹಾಕದ ದಂಡವನ್ನು ಶಾಲೆಗೆ ಹೋಗುವ ಹುಡುಗನಿಗೆ ಹಾಕಿದಾಗ ನ್ಯಾಯದ ತಕ್ಕಡಿ ಎತ್ತ ವಾಲಿದೆ ಎಂಬುದು ಎಲ್ಲರಿಗೂ ಕಂಡಿತು.

ಟೂರ್‌ಗಳು ಬಹುಕಾಲ ನೆಚ್ಚಿಕೊಂಡದ್ದು ಹಣದ ದಂಡವನ್ನು. ಕೋಟಿಗಳಲ್ಲಿ ಗಳಿಸುವವನಿಗೆ ಅದು ತಟ್ಟುವುದೇ ಇಲ್ಲ. ಅದೂ ಗುಟ್ಟಾಗಿ ನಡೆಯುತ್ತಿತ್ತು. 2019ರಲ್ಲಿ ಆಟಗಾರ ಎಡೊವಾರ್ಡೊ ಮೊಲಿನಾರಿ ಬೇಸತ್ತು, ಯುರೋಪಿಯನ್ ಟೂರ್‌ನಲ್ಲಿ ದಂಡ ತೆತ್ತವರ ಪಟ್ಟಿಯನ್ನೇ ಬಹಿರಂಗ ಮಾಡಿದರು. ಸ್ಟ್ರೋಕ್ ಹಾಗಲ್ಲ. ಒಂದು ಸ್ಟ್ರೋಕ್‌ನ ಬೆಲೆ ಏನೆಂದು ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನಕ್ಕೆ ನಿಂತದ್ದು, ಪದಕ ಕೈತಪ್ಪಿದ್ದು ಒಂದೇ ಒಂದು ಸ್ಟ್ರೋಕ್‌ನಿಂದ. ಅಲ್ಲಿ ನಿಧಾನದ ಮಾತೇ ಇರಲಿಲ್ಲ. ಆದರೆ ಸ್ಕೋರ್ ಕಾರ್ಡಿನಲ್ಲಿ ಒಂದು ಅಂಕೆ ಎಷ್ಟು ಭಾರ ಎಂಬುದಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ನಮಗಿಲ್ಲ.

ಮಹಿಳೆಯರ ಟೂರ್ ಈ ವಿಷಯದಲ್ಲಿ ಪುರುಷರದಕ್ಕಿಂತ ಧೈರ್ಯ ತೋರಿದೆ. 2012ರಲ್ಲಿ ಸೈಬೇಸ್ ಮ್ಯಾಚ್ ಪ್ಲೇ ಸೆಮಿಫೈನಲ್‌ನಲ್ಲಿ ಮಾರ್ಗನ್ ಪ್ರೆಸೆಲ್ ಹನ್ನೆರಡನೇ ಹೋಲ್ ಗೆದ್ದು ಮೂರರ ಮುನ್ನಡೆಯಲ್ಲಿದ್ದೇನೆ ಎಂದುಕೊಂಡಿದ್ದರು. ನಿಧಾನದ ದಂಡವಾಗಿ ಆ ಹೋಲ್ ಎದುರಾಳಿಯ ಪಾಲಾಯಿತು, ಮುನ್ನಡೆ ಒಂದಕ್ಕೆ ಇಳಿಯಿತು, ಕೊನೆಗೆ ಪಂದ್ಯವೂ ಹೋಯಿತು. 2023ರ ಎವಿಯನ್ ಚಾಂಪಿಯನ್‌ಶಿಪ್‌ನಲ್ಲಿ ಎರಡು ಸ್ಟ್ರೋಕ್ ದಂಡವನ್ನು ಕಾರ್ಡಿನಲ್ಲಿ ಸೇರಿಸದೆ ಸಹಿ ಹಾಕಿದ ಕಾರ್ಲೊಟಾ ಸಿಗಾಂಡಾ ಅನರ್ಹರಾದರು. 2024ರ ಕೊನೆಯಲ್ಲಿ ಇಂಗ್ಲೆಂಡಿನ ಚಾರ್ಲಿ ಹಲ್, ಮೂರು ಸಲ ಸಮಯ ಮೀರಿದವರ ಟೂರ್ ಕಾರ್ಡನ್ನೇ ಕಿತ್ತುಕೊಳ್ಳಿ ಎಂದರು. ಟೂರ್ ಅಷ್ಟು ದೂರ ಹೋಗಲಿಲ್ಲ. ಆದರೆ 2025ರ ಮಾರ್ಚ್‌ನಿಂದ, ಸಮಯ ಅಳೆಯಲು ಶುರು ಮಾಡಿದ ಮೇಲೆ ಐದು ಸೆಕೆಂಡಿನವರೆಗೆ ಮೀರಿದರೆ ಹಣದ ದಂಡ, ಆರರಿಂದ ಹದಿನೈದಕ್ಕೆ ಒಂದು ಸ್ಟ್ರೋಕ್, ಹದಿನಾರು ಅಥವಾ ಅದಕ್ಕಿಂತ ಹೆಚ್ಚಾದರೆ ಎರಡು ಎಂದು ಗೊತ್ತುಪಡಿಸಿತು. ಇದೇ ಸರಿಯಾದ ದಾರಿ. ತಪ್ಪಿನ ಪ್ರಮಾಣಕ್ಕೆ ತಕ್ಕ ಶಿಕ್ಷೆ ಇದ್ದಾಗ ಅಧಿಕಾರಿ ಅದನ್ನು ವಿಧಿಸಲು ಹಿಂಜರಿಯುವುದಿಲ್ಲ.

ಗಡಿಯಾರ ಇಟ್ಟರೆ ಆಟ ಕೆಡುತ್ತದೆ ಎಂಬ ವಾದಕ್ಕೂ ಉತ್ತರ ಸಿಕ್ಕಾಗಿದೆ. 2018ರ ಜೂನ್‌ನಲ್ಲಿ ಯುರೋಪಿಯನ್ ಟೂರ್ ಆಸ್ಟ್ರಿಯಾದಲ್ಲಿ ಶಾಟ್ ಕ್ಲಾಕ್ ಮಾಸ್ಟರ್ಸ್ ನಡೆಸಿತು. ಮೊದಲು ಆಡುವವನಿಗೆ ಐವತ್ತು ಸೆಕೆಂಡು, ಉಳಿದವರಿಗೆ ನಲವತ್ತು. ಪ್ರತಿ ಗುಂಪಿನ ಜೊತೆಗೂ ಬಗ್ಗಿಯ ಮೇಲೆ ಎಲ್ಲರಿಗೂ ಕಾಣುವ ಗಡಿಯಾರ. ಕಷ್ಟದ ಹೊಡೆತಕ್ಕೆಂದು ಒಂದು ಸುತ್ತಿಗೆ ಎರಡು ಸಲ ಹೆಚ್ಚುವರಿ ಸಮಯ ಕೇಳಬಹುದಿತ್ತು. ಸುತ್ತಿನ ಅವಧಿ ಸುಮಾರು ಅರ್ಧ ಗಂಟೆ ಕಡಿಮೆಯಾಯಿತು, ದಂಡ ಬಿದ್ದದ್ದು ಬೆರಳೆಣಿಕೆಯಷ್ಟು ಮಂದಿಗೆ. ಫಿನ್‌ಲ್ಯಾಂಡಿನ ಮಿಕ್ಕೊ ಕೊರ್ಹೊನೆನ್ ಆರು ಸ್ಟ್ರೋಕ್ ಅಂತರದಿಂದ ಗೆದ್ದರು. ಆಟ ಕೆಡಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಆಟಗಾರನ ಪಾಲು. ಈಗ ಎಲ್ಲರೂ ಮರೆಯುವ ಇನ್ನೊಂದು ಪಾಲು.

ಯಾರೂ ನಿಧಾನವಾಗಿ ಆಡದಿದ್ದರೂ ಕೋರ್ಸ್ ನಿಂತುಹೋಗಬಹುದು. ಪಾರ್-4 ಹೋಲ್‌ನಲ್ಲಿ ಒಂದೇ ಹೊತ್ತಿಗೆ ಎರಡು ಗುಂಪು ಆಡಬಹುದು, ಒಂದು ಗ್ರೀನ್ ಮೇಲೆ, ಇನ್ನೊಂದು ಟೀಯಲ್ಲಿ ಅಥವಾ ಫೇರ್‌ವೇಯಲ್ಲಿ. ಪಾರ್-5ರಲ್ಲಿ ಮೂರು ಗುಂಪಿಗೂ ಜಾಗವಿದೆ. ಪಾರ್-3ರಲ್ಲಿ ಒಂದೇ. ಮುಂದಿನ ಗುಂಪು ಪಟ್ ಮುಗಿಸಿ ಗ್ರೀನ್ ಬಿಡುವವರೆಗೆ ಹಿಂದಿನವರು ಚೆಂಡು ಮುಟ್ಟುವಂತಿಲ್ಲ. ಹೆದ್ದಾರಿಯಲ್ಲಿ ಎಷ್ಟೇ ಲೇನ್ ಇದ್ದರೂ ಟೋಲ್ ಗೇಟಿನಲ್ಲಿ ವಾಹನ ನಿಲ್ಲುವ ಹಾಗೆ ಇಲ್ಲಿ ಗುಂಪುಗಳು ನಿಲ್ಲುತ್ತವೆ. ಒಂದು ಪಾರ್-3 ಮುಗಿಸಲು ಫೋರ್‌ಬಾಲ್‌ಗೆ ಹನ್ನೆರಡು ನಿಮಿಷ ಬೇಕು, ಕ್ಲಬ್ ಎಂಟು ನಿಮಿಷಕ್ಕೊಂದು ಗುಂಪನ್ನು ಮೊದಲ ಟೀಯಿಂದ ಬಿಡುತ್ತಿದೆ ಎಂದುಕೊಳ್ಳಿ. ಎರಡನೇ ಗುಂಪು ನಾಲ್ಕು ನಿಮಿಷ ಕಾಯುತ್ತದೆ, ಮೂರನೆಯದು ಎಂಟು. ಹದಿನೈದನೇ ಗುಂಪು ಆ ಟೀಯಲ್ಲಿ 56 ನಿಮಿಷ ಕಾಯಬೇಕು. ಮಾರ್ಷಲ್ ಬಂದು “ಬೇಗ ಆಡಿ” ಎಂದರೆ ಆ ಗುಂಪು ಮಾಡುವುದಾದರೂ ಏನು? ಹೆಚ್ಚು ಟೀ ಟೈಮ್ ಮಾರಿದ ದಿನವೇ ಅವರ ಒಂದು ಗಂಟೆ ಹೋಗಿರುತ್ತದೆ.

ದೊಡ್ಡ ಪಂದ್ಯಾವಳಿಗಳಲ್ಲೂ ಕಥೆ ಇದೇ. 156 ಆಟಗಾರರು ಮೂವರಂತೆ ಆಡಿದರೆ 52 ಗುಂಪು. ಬೆಳಿಗ್ಗೆ 26, ಮಧ್ಯಾಹ್ನ 26. ಅದರಲ್ಲಿ ಅರ್ಧ ಒಂದನೇ ಟೀಯಿಂದ, ಅರ್ಧ ಹತ್ತನೆಯದರಿಂದ, ಅಂದರೆ ಒಂದೊಂದು ಟೀಯಲ್ಲಿ ಹದಿಮೂರು. ಹನ್ನೊಂದು ನಿಮಿಷದ ಅಂತರವಿಟ್ಟರೆ ಕೊನೆಯ ಗುಂಪು ಹೊರಡುವುದು ಮೊದಲ ಗುಂಪು ಹೊರಟ ಎರಡು ಗಂಟೆ ಹನ್ನೆರಡು ನಿಮಿಷದ ನಂತರ. ಅಷ್ಟರಲ್ಲಿ ಆ ಕಡೆಯಿಂದ ಒಂಬತ್ತು ಹೋಲ್ ಮುಗಿಸಿದ ಮೊದಲ ಗುಂಪು ಅದೇ ಟೀಗೆ ಬಂದು ನಿಂತಿರುತ್ತದೆ. ಕೋರ್ಸಿನಲ್ಲಿ ಖಾಲಿ ಜಾಗವೇ ಉಳಿದಿರುವುದಿಲ್ಲ. ಪಿ.ಜಿ.ಎ. ಟೂರ್ 2026ರಿಂದ ಗರಿಷ್ಠ ಸಂಖ್ಯೆಯನ್ನು 144ಕ್ಕೆ ಇಳಿಸಿದ್ದಕ್ಕೆ ಈ ಲೆಕ್ಕವೂ ಒಂದು ಕಾರಣ. ಆ ನಿರ್ಧಾರದಿಂದ ಕೆಲವು ಯುವ ಆಟಗಾರರಿಗೆ ಅವಕಾಶ ತಪ್ಪುತ್ತದೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ ಸಮಯಕ್ಕೆ ಮಿತಿಯಿದೆ, ಬೆಳಕಿಗೆ ಮಿತಿಯಿದೆ.

ನಮ್ಮಲ್ಲೂ ಬೆಳಕೇ ಮಿತಿ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಇಂದು ನಗರದೊಳಗೆ, ನಗರದ ಸುತ್ತ, ಮೈಸೂರು, ಕೊಡಗು, ಚಿಕ್ಕಮಗಳೂರುಗಳಲ್ಲಿ ಕೋರ್ಸ್‌ಗಳಿವೆ. ಆಡುವವರ ಸಂಖ್ಯೆಗೆ ಹೋಲಿಸಿದರೆ ಜಾಗ ಕಡಿಮೆ. ಚಳಿಗಾಲದಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುವ ಊರಿನಲ್ಲಿ ಮಧ್ಯಾಹ್ನ ಒಂದೂವರೆಗೆ ಹೊರಟ ಫೋರ್‌ಬಾಲ್ ಐದು ಗಂಟೆ ತೆಗೆದುಕೊಂಡರೆ ಕೊನೆಯ ಎರಡು ಹೋಲ್ ಕತ್ತಲಲ್ಲಿ. ಅದರ ಹಿಂದಿನ ಗುಂಪಿಗೆ ಆಟವೇ ಪೂರ್ತಿಯಾಗುವುದಿಲ್ಲ. ಪ್ರತಿ ಹೋಲ್‌ಗೂ ಪಂಥ ಕಟ್ಟಿ ಆಡುವ ಗುಂಪುಗಳಲ್ಲಿ, ಗೆಲುವು ಸೋಲಿಗೆ ಸಂಬಂಧವಿಲ್ಲದ ಮೂರಡಿಯ ಪಟ್ ಕೂಡ ಪೂರ್ತಿ ಆಡಿಯೇ ಮುಗಿಯಬೇಕು. ಹೋಲ್ ಕೈಬಿಟ್ಟವರು ಚೆಂಡು ಎತ್ತಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಒಂದು ಹೋಲ್‌ಗೆ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಅಂಕ ನೆಟ್ ಡಬಲ್ ಬೋಗಿ. ಅದನ್ನು ದಾಟಿದ ಮೇಲೆ ಹೊಡೆಯುವ ಪ್ರತಿ ಹೊಡೆತವೂ ಹ್ಯಾಂಡಿಕ್ಯಾಪ್‌ಗೆ ವ್ಯರ್ಥ. ಡಾಕ್ಟರ್ ಫ್ರ್ಯಾಂಕ್ ಸ್ಟೇಬಲ್‌ಫರ್ಡ್ ರೂಪಿಸಿದ ಅಂಕಪದ್ಧತಿ 1932ರಿಂದಲೇ ಇದಕ್ಕೆ ದಾರಿ ಮಾಡಿಕೊಟ್ಟಿದೆ: ಅಂಕ ಬರುವುದಿಲ್ಲ ಎಂದಾದರೆ ಚೆಂಡು ಜೇಬಿಗೆ.

ನಮ್ಮ ಕೋರ್ಸ್‌ಗಳಿಗೆ ಇನ್ನೊಂದು ಸವಲತ್ತು ಇದೆ. ಪಶ್ಚಿಮದ ಬಹುತೇಕ ಕೋರ್ಸ್‌ಗಳಲ್ಲಿ ಹವ್ಯಾಸಿಗೆ ಸಿಗದ ಕ್ಯಾಡಿ ಇಲ್ಲಿ ಸಾಮಾನ್ಯ. ಚೆಂಡು ಎಲ್ಲಿ ಬಿತ್ತೆಂದು ಅವರ ಕಣ್ಣಿಗೆ ಗೊತ್ತು, ಮುಂದಿನ ಗುಂಪು ಎಷ್ಟು ದೂರ ಹೋಗಿದೆ ಎಂಬುದೂ ಗೊತ್ತು. ಆಟ ಅವರಿಗೆ ಆಟಗಾರರಷ್ಟೇ, ಕೆಲವೊಮ್ಮೆ ಹೆಚ್ಚೇ, ತಿಳಿದಿರುತ್ತದೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದದ್ದು ಇದಕ್ಕೆ ಸಾಕ್ಷಿ. ಆದರೆ “ಸರ್, ಮುಂದೆ ಒಂದು ಹೋಲ್ ಖಾಲಿ ಇದೆ, ಚೆಂಡು ಎತ್ಕೊಳ್ಳಿ” ಎಂದು ಹೇಳುವ ಸ್ವಾತಂತ್ರ್ಯ ಎಷ್ಟು ಕ್ಯಾಡಿಗಳಿಗಿದೆ? ದಿನದ ಕೂಲಿ, ಮೇಲಿನ ಭಕ್ಷೀಸು ಆ ಸದಸ್ಯನ ಕೈಯಲ್ಲೇ ಇರುವಾಗ ಅವರು ಬಾಯಿ ಬಿಡುವುದಾದರೂ ಹೇಗೆ? ಗೊತ್ತಿರುವವರು ಸುಮ್ಮನಿರಬೇಕಾದ ಈ ಸ್ಥಿತಿ ನಮ್ಮ ನಿಧಾನಕ್ಕೆ ನಮ್ಮದೇ ಆದ ಕಾರಣ.

ವೇಗದ ಹೆಸರಿನಲ್ಲಿ ಶಿಷ್ಟಾಚಾರ ಬಿಡುವವರ ಬಗ್ಗೆಯೂ ಹೇಳಬೇಕು. ಬಂಕರ್‌ನ ಮರಳು ಹರಡದೆ ಹೋಗುವುದು, ಗ್ರೀನ್ ಮೇಲೆ ಚೆಂಡು ಬಿದ್ದು ಆದ ಗುಂಡಿಯನ್ನು ಸರಿಪಡಿಸದಿರುವುದು, ಕಿತ್ತ ಹುಲ್ಲಿನ ಹೆಂಟೆಯನ್ನು ಅಲ್ಲೇ ಬಿಡುವುದು ಸಮಯ ಉಳಿಸುವುದಿಲ್ಲ. ಹಿಂದಿನವನು ಆ ಗುಂಡಿಯ ಮುಂದೆ ನಿಂತು ಯೋಚಿಸುವ ಸಮಯವನ್ನು ಹೆಚ್ಚಿಸುತ್ತದೆ, ಅಷ್ಟೇ. ಅದಕ್ಕಿಂತ ಕೆಟ್ಟದ್ದು, ಮುಂದಿನ ಗುಂಪಿಗೆ ಎಚ್ಚರಿಕೆ ಕೊಡಲೆಂದು ಅವರತ್ತ ಚೆಂಡು ಹೊಡೆಯುವುದು. ಗಾಲ್ಫ್ ಚೆಂಡು ತಲೆಗೆ ಬಿದ್ದರೆ ಪ್ರಾಣಕ್ಕೆ ಕುತ್ತು. ಇದನ್ನು ಮಾಡುವವರಿಗೆ ಕ್ಷಮೆಯಿರಬಾರದು. 2019ಕ್ಕೆ ಮೊದಲು ನಿಯಮ ಪುಸ್ತಕದ ಮೊದಲ ಭಾಗವೇ ಶಿಷ್ಟಾಚಾರ. ಈಗ ಅದು 1.2ನೇ ನಿಯಮವಾಗಿ ನಿಂತಿದೆ, ಅದರಡಿ ಸ್ವಂತ ನಡವಳಿಕೆ ಸಂಹಿತೆ ಮಾಡಿ ದಂಡ ವಿಧಿಸುವ ಅಧಿಕಾರ ಪ್ರತಿ ಕ್ಲಬ್ಬಿನ ಸಮಿತಿಗೂ ಇದೆ.

ಹೊಸಬರನ್ನೂ ಹಿರಿಯರನ್ನೂ ನಿಧಾನಿಗಳೆಂದು ದೂರುವ ಚಾಳಿ ನನಗೆ ಒಪ್ಪಿಗೆಯಿಲ್ಲ. ಎಪ್ಪತ್ತು ದಾಟಿದ ಎಷ್ಟೋ ಮಂದಿ ಚೆಂಡಿನ ಬಳಿ ಬಂದು, ನೋಡಿ, ಹೊಡೆದು, ನಡೆದುಬಿಡುತ್ತಾರೆ. ಹೊಸಬರಿಗೆ ಮುಂದಿನ ಟೀಯಿಂದ ಆಡಲು ಹೇಳಿ, ಹಿಂದಿನವರು ಹತ್ತಿರ ಬಂದಾಗ ಬದಿಗೆ ಸರಿದು ಕೈಬೀಸಿ ದಾರಿ ಬಿಡಲು ಕಲಿಸಿದರೆ ಅವರಿಂದ ಯಾರಿಗೂ ತೊಂದರೆಯಿಲ್ಲ. ನಮ್ಮಲ್ಲಿ ದಾರಿ ಬಿಡುವುದನ್ನು ಸೋಲೆಂದು ತಿಳಿಯುವವರು ಹೆಚ್ಚಾಗಿ ಹಳೆಯ ಸದಸ್ಯರೇ.

ಆದ್ದರಿಂದ ಕರ್ನಾಟಕದ ಕ್ಲಬ್‌ಗಳ ಸಮಿತಿಗಳಿಗೆ ಮೂರು ವಿನಂತಿ. ವಾರಾಂತ್ಯದ ಟೀ ಟೈಮ್‌ಗಳ ನಡುವಿನ ಅಂತರವನ್ನು ಹತ್ತು ನಿಮಿಷಕ್ಕಿಂತ ಕಡಿಮೆ ಮಾಡಬೇಡಿ, ಅದರಿಂದ ಬರುವ ಆದಾಯ ಸ್ವಲ್ಪ ಇಳಿದರೂ ಸರಿ. ಕ್ಲಬ್ ಪಂದ್ಯಗಳಲ್ಲಿ ನಿಧಾನಕ್ಕೆ ಎಚ್ಚರಿಕೆ ಕೊಟ್ಟ ಮೇಲೆ ಸ್ಟ್ರೋಕ್ ದಂಡ ಹಾಕಿ, ಸದಸ್ಯ ಯಾರೇ ಆಗಿರಲಿ, ಆತನ ಹೆಸರನ್ನು ನೋಟಿಸ್ ಬೋರ್ಡಿನಲ್ಲಿ ಬರೆಯಿರಿ. ಮತ್ತು ಗುಂಪನ್ನು ಮುಂದೆ ಸಾಗಿಸುವ ಅಧಿಕಾರ ಕ್ಯಾಡಿಗಿದೆ ಎಂದು ಲಿಖಿತವಾಗಿ ಪ್ರಕಟಿಸಿ, ಅದಕ್ಕಾಗಿ ಅವರ ಭಕ್ಷೀಸು ಕತ್ತರಿಸುವ ಸದಸ್ಯನ ಮೇಲೆ ಕ್ರಮ ತೆಗೆದುಕೊಳ್ಳಿ.